ಕೋಲುಮಂಡೆ ಕ್ಯಾಸೆಟ್ಟು

ನಮ್ಮ ದೊಡ್ಡಪ್ಪ ಒಂದು ಸಿನಿಮಾ ಕ್ಯಾಸೆಟ್ಟಿನ ಕರುಳು ಬಗೆದು ಜೋಳದ ಹೊಲಕ್ಕೆ ಕಟ್ಟಿದ್ದರು. ಟೇಪನ್ನು ಗೂಟದಿಂದ ಗೂಟಕ್ಕೆ ಬಿಗಿದರೆ ಬಿಸಿಲಿಗೆ ಮಿರಮಿರ ಮಿಂಚುತ್ತದೆ, ಗಾಳಿಗೆ ಗುಂಯ್‌ಗುಡುತ್ತದೆ. ಗಿಣಿಗಳು ಹತ್ತಿರ ಸುಳಿಯುವುದಿಲ್ಲ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಕಪಿಲೆಯ ದಂಡೆಯ ನಮ್ಮೂರಿನಲ್ಲಿ ಹಳೆಯ ಕ್ಯಾಸೆಟ್ಟುಗಳಿಗೆಲ್ಲ ಇದೇ ಗತಿ. ಆದರೆ ಈ ಕ್ಯಾಸೆಟ್ಟು ಹಳೆಯದಾಗಿರಲಿಲ್ಲ. ಕೊಂಡು ನಾಲ್ಕು ತಿಂಗಳಾಗಿತ್ತು, ಅಷ್ಟೆ.

ಅದು ‘ಜನುಮದ ಜೋಡಿ’. 1996ರ ಚಿತ್ರ, ನಾಗಾಭರಣರ ನಿರ್ದೇಶನ, ವಿ. ಮನೋಹರ್ ಸಂಗೀತ. ಮರುವರ್ಷ ನಂಜನಗೂಡಿನ ದೊಡ್ಡ ಜಾತ್ರೆಗೆ ಹೋದವನು ಐದು ತೇರಿಗೂ ಕೈಮುಗಿದು, ಉಳಿದ ಕಾಸಿಗೆ ಆ ಕ್ಯಾಸೆಟ್ಟು ಕೊಂಡು ತಂದಿದ್ದೆ. ಅದರಲ್ಲಿ ಎಲ್.ಎನ್. ಶಾಸ್ತ್ರಿಯವರು ಹಾಡಿದ ‘ಕೋಲುಮಂಡೆ’ ಇತ್ತು. ದಿನಕ್ಕೆ ಹತ್ತು ಸಲ ಹಾಕುತ್ತಿದ್ದೆ. ಹನ್ನೊಂದನೆಯ ಸಲಕ್ಕೆ ದೊಡ್ಡಪ್ಪ ಎದ್ದುಬಂದರು.

“ಯಾನ ಕೂಸೇ ಇದು? ಮಾದಪ್ಪನ ಹಾಡ್ನೂ ಸಿನಿಮಾದವ್ರು ಬುಡ್ನಿಲ್ವಾ?”

ಅವರ ಸಿಟ್ಟಿಗೆ ಕಾರಣವಿತ್ತು. ಶಿವರಾತ್ರಿ ಬಂತೆಂದರೆ ನರಸೀಪುರ, ಕೊಳ್ಳೇಗಾಲ, ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ಕಾಲು ಅವರದು. ಮಾದಪ್ಪ ನಮ್ಮ ಕಡೆಯವರಿಗೆ ದೂರದ ಬೆಟ್ಟದ ದೇವರಷ್ಟೇ ಅಲ್ಲ. ನಮ್ಮ ಪಕ್ಕದ ಸುತ್ತೂರು ಮಠದಲ್ಲಿ ಕೂತು ರಾಗಿ ಬೀಸಿದ ಹುಡುಗ ಎಂದು ಕಥೆ. ಆ ಕಥೆಯನ್ನು ಕಂಸಾಳೆ ಹಿಡಿದ ದೇವರಗುಡ್ಡರು ಸಾಲು ಸಾಲಾಗಿ ರಾತ್ರಿಯಿಡೀ ಹಾಡುತ್ತಾರೆ. ಎಪ್ಪತ್ತರ ದಶಕದಲ್ಲಿ ಪಿ.ಕೆ. ರಾಜಶೇಖರ ಅವರು ಅದನ್ನು ಬರೆದುಕೊಂಡು ಅಚ್ಚುಹಾಕಿಸಿದಾಗ ಓದಿದವರು ಮಹಾಕಾವ್ಯ ಎಂದರು. ದೊಡ್ಡಪ್ಪ ಅಚ್ಚಾದದ್ದನ್ನು ಓದಿದವರಲ್ಲ. ಕೇಳಿ ಕೇಳಿ ಎದೆಗಿಳಿಸಿಕೊಂಡವರು.

ಅದರಲ್ಲೂ ಸಂಕಮ್ಮನ ಸಾಲೆಂದರೆ ಅವರ ಗಂಟಲು ಕಟ್ಟುತ್ತಿತ್ತು. ಜೇನು ಕೀಳಲು ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯಿಂದ ಆಣೆ ಕೇಳುತ್ತಾನೆ. ನನ್ನ ಮೇಲೆ ನಂಬಿಕೆ ಇಲ್ಲದ ಮೇಲೆ ಆಣೆ ಯಾಕೆ ಎಂದು ಅವಳು ಕೊಡುವುದಿಲ್ಲ. ಹಿಂಸಿಸಿ, ಕೂಡಿಹಾಕಿ ಹೋಗುತ್ತಾನೆ. ಆಗ ಜಂಗಮನ ವೇಷದಲ್ಲಿ ಮಾದಪ್ಪ ಬರುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಇಂಥ ಕಥೆಯ ಹಾಡು ಟೇಪ್ ರೆಕಾರ್ಡರಿನಲ್ಲಿ ಎರಡು ಪ್ರೇಮಗೀತೆಗಳ ನಡುವೆ ಬಂದರೆ ಅವರು ಸುಮ್ಮನಿರುವುದು ಹೇಗೆ? ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ನನ್ನ ಕ್ಯಾಸೆಟ್ಟು ಹೊಲದಲ್ಲಿತ್ತು. ಆ ಹಾಡಿಗೆ ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂದದ್ದೂ ದೊಡ್ಡಪ್ಪನ ಮೇಲೆ ಏನೂ ಪರಿಣಾಮ ಮಾಡಲಿಲ್ಲ.

ಚಿತ್ರ ಬಂದು ಇಪ್ಪತ್ತನಾಲ್ಕು ವರ್ಷ ಕಳೆಯಿತು. 2020ರ ಆಗಸ್ಟಿನಲ್ಲಿ ರ್‍ಯಾಪರ್ ಚಂದನ್ ಶೆಟ್ಟಿ ಅವರ ‘ಕೋಲುಮಂಡೆ’ ಬಂತು. ಶಿವಶರಣೆ ಸಂಕಮ್ಮನನ್ನು ಅದರಲ್ಲಿ ತೋರಿಸಿದ ಬಗೆ ಸರಿಯಲ್ಲ ಎಂದು ಮಾದಪ್ಪನ ಒಕ್ಕಲು ಎದ್ದುನಿಂತಿತು. ಶೆಟ್ಟಿ ಕ್ಷಮೆ ಕೇಳಿದರು. ವಿಡಿಯೊ ಯೂಟ್ಯೂಬಿನಿಂದ ಇಳಿಯಿತು. ಆ ವಾರವೇ ದೊಡ್ಡಪ್ಪ ನನ್ನನ್ನು ಕರೆದರು.

“ಕೂಸೇ, ನಮ್ಮನೇಲಿ ಮೂಲದ ಹಾಡು ಇತ್ತಲ್ಲ, ಆ ಕ್ಯಾಸೆಟ್ಟು ಎಲ್ಲೋತು? ಈ ಐಕ್ಳಿಗ ಕೇಳಿಸ್ಬೇಕು.”

“ಜೋಳದ ಹೊಲದಲ್ಲಿತ್ತು ದೊಡ್ಡಪ್ಪ, ನೀವೇ ಕಟ್ಟಿದ್ರಿ.”

ಸ್ವಲ್ಪ ಹೊತ್ತು ಎಲೆಯಡಿಕೆ ಅಗಿದರು. “ಗಿಣಿಗಳಾದ್ರೂ ವಳ್ಳೆ ಹಾಡು ಕೇಳ್ಕಂಡೋದ್ವು ಬುಡು,” ಎಂದರು.

ಕೆಡಿಸಿದ ಹಾಡು ಮೂಲದ ಹಾಡಾಗಲು ಇಷ್ಟು ಸಾಕಾಯಿತು: ಅದರ ಹಿಂದೆ ಇನ್ನೊಂದು ಬರಬೇಕು. ಹಾಡಿನ ಒಂದಕ್ಷರವೂ ಬದಲಾಗಿರಲಿಲ್ಲ. ಸೊಸೆ ಮನೆಗೆ ಬಂದ ದಿನ ಅತ್ತೆಗೆ ಇದ್ದಕ್ಕಿದ್ದಂತೆ ಹಿರಿತನ ಬರುವುದಿಲ್ಲವೇ, ಹಾಗೆ.

ಮೈಸೂರಿನಲ್ಲಿ ಬಿಇ ಓದುವ ತಮ್ಮನ ಮಗ ಇದನ್ನು ಕೇಳಿ ನಕ್ಕ. ರ್‍ಯಾಪ್ ಹುಟ್ಟಿದ ಊರಿನಲ್ಲೂ ಇದೇ ಕಥೆಯಂತೆ. ನ್ಯೂಯಾರ್ಕಿನ ನಾಸ್ ಎಂಬ ಇಪ್ಪತ್ತರ ಹುಡುಗ 1994ರಲ್ಲಿ ‘ಇಲ್ಮ್ಯಾಟಿಕ್’ ಎಂಬ ಆಲ್ಬಂ ತಂದ. ಬಲ್ಲವರು ಹೊಗಳಿದರು, ಮಾರಾಟ ಮಾತ್ರ ಕುಂಟಿತು. ನಮ್ಮ ‘ಜನುಮದ ಜೋಡಿ’ ಬಂದ 1996ರಲ್ಲೇ ಅವನ ಎರಡನೆಯ ಆಲ್ಬಂ ‘ಇಟ್ ವಾಸ್ ರಿಟನ್’ ಬಂತು. ಅದು ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು. ಹುಡುಗ ಸಂತೆಗೆ ಬಿದ್ದ ಎಂದು ಮೊದಲು ಹೊಗಳಿದವರೇ ಮೂಗುಮುರಿದರು. ಇವತ್ತು ಆ ಎರಡನೆಯದನ್ನೂ ಶ್ರೇಷ್ಠ ಎನ್ನುವವರು ಬೇಕಾದಷ್ಟಿದ್ದಾರೆ. ಮೊದಲನೆಯದಂತೂ 2021ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿ ಸೇರಿತು.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಕಾದಂಬರಿ 1984ರಲ್ಲಿ ಬಂದಾಗ, ಇದು ಯಾವ ಕನ್ನಡವಪ್ಪಾ ಎಂದು ತಲೆ ಕೆರೆದುಕೊಂಡವರು ಕಡಿಮೆಯೇನಿರಲಿಲ್ಲ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ದೊಡ್ಡಪ್ಪ ಬೈಯುವ ಕನ್ನಡವೇ ಎಂದು ನಮಗೆ ಮೊದಲೇ ಗೊತ್ತಿತ್ತು.

ಹಾಗೆಂದು ಕಾಲ ಎಲ್ಲವನ್ನೂ ತೊಳೆದುಬಿಡುತ್ತದೆ ಎನ್ನಲಾರೆ. 2020ರ ಸಿಟ್ಟು ತಾಳದ ಮೇಲಿನದಲ್ಲ, ಸಂಕಮ್ಮನ ಮಾನದ್ದು. ಅದೇ ವರ್ಷದ ಶಿವರಾತ್ರಿಯಲ್ಲಿ ಅನನ್ಯಾ ಭಟ್ ಅವರು ಕೊಯಮತ್ತೂರಿನ ಈಶ ವೇದಿಕೆಯಲ್ಲಿ ‘ಸೋಜುಗಾದ ಸೂಜುಮಲ್ಲಿಗೆ’ ಹಾಡಿದ್ದರು. ಅದೂ ಮಾದಪ್ಪನ ಹಾಡೇ. ಮರುವರ್ಷ ಚೈತ್ರಾ ಆಚಾರ್ ಅವರ ದನಿಯಲ್ಲಿ ‘ಗರುಡ ಗಮನ ವೃಷಭ ವಾಹನ’ ಚಿತ್ರದೊಳಗೆ ಹೊಕ್ಕು, ಮಂಗಳೂರಿನ ರೌಡಿಯೊಬ್ಬನನ್ನು ಮಳೆಯಲ್ಲಿ ಕುಣಿಸಿತು. ಹೊಲಕ್ಕೆ ಕಟ್ಟಬೇಕೆಂದು ದೊಡ್ಡಪ್ಪನಿಗೆ ಅನ್ನಿಸಲಿಲ್ಲ. ಮೊಬೈಲನ್ನು ಕಿವಿಗೆ ಒತ್ತಿಕೊಂಡು ಇನ್ನೊಂದು ಸಲ ಹಾಕು ಎಂದರು.

ಮೊನ್ನೆ ದೇವರಗುಡ್ಡರೊಬ್ಬರು ಕೋರಣ್ಯದ ಭಿಕ್ಷೆಗೆ ಬಂದಿದ್ದರು. ತಮ್ಮನ ಮಗ ಫೋನು ಹಿಡಿದು, “ಕೋಲುಮಂಡೆ ಹಾಡ್ತೀರಾ? ಮೂಲದ್ದು ಬೇಕು,” ಎಂದ. ಅವರು ಕಂಸಾಳೆ ಒರೆಸಿಕೊಳ್ಳುತ್ತ ಕೇಳಿದರು: “ಯಾವ ಮೂಲ್ದು ಸ್ವಾಮಿ? ನರಸೀಪುರದ ಕಡೇದೋ, ಕೊಳ್ಳೇಗಾಲದ ಕಡೇದೋ?”

ಎರಡನ್ನೂ ಹಾಡಿಸಿಕೊಂಡು, ಒಂದು ಮೊರ ರಾಗಿ ಹಾಕಿ ಕಳಿಸಿದೆವು. ಫೋನಿನಲ್ಲಿರುವುದನ್ನು ಅಳಿಸಬೇಡ ಎಂದು ಹುಡುಗನಿಗೆ ಹೇಳಿದ್ದೇನೆ. 2044ರಲ್ಲಿ ಯಾರಾದರೂ ಮೂಲ ಹುಡುಕಿಕೊಂಡು ಬಂದರೆ, ಹೊಲದ ಕಡೆ ಕೈ ತೋರಿಸುವಂತಾಗಬಾರದು.