ಹೊಗೆಗೊಂದು ದಾರಿ

ಫೆಬ್ರವರಿ 3, 2025, ಸೋಮವಾರ

ಇವತ್ತು ಅಡುಗೆಮನೆಯ ಹಳೇ ಒಲೆ ಕಿತ್ತೆವು. ಹಿಂದಿನ ಗೋಡೆ ಅಟ್ಟದವರೆಗೂ ಮಸಿ ಹಿಡಿದಿತ್ತು, ತೊಲೆಗಳಲ್ಲಿ ಇಲ್ಲಣ ಜೋತುಬಿದ್ದಿತ್ತು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅತ್ತೆ ಇದೇ ಹೊಗೆ ಕುಡಿದಿದ್ದಾರೆ. ಚಳಿಗಾಲದಲ್ಲಿ ಅವರ ಕೆಮ್ಮು ರಾತ್ರಿಯೆಲ್ಲ ನಿಲ್ಲುವುದಿಲ್ಲ.

ಗ್ಯಾಸ್ ಇದೆ; ಕಾಫಿ, ಸಾರು ಅದರಲ್ಲೇ. ಆದರೆ ಮುದ್ದೆಯ ಎಸರು, ಹುರುಳಿ ಬೇಯಿಸುವುದು, ಹಬ್ಬದ ಅಡುಗೆ ಎಲ್ಲ ಸೌದೆಯಲ್ಲೇ. ತುರುವೇಕೆರೆ ಸೀಮೆಯಲ್ಲಿ ತೆಂಗಿನ ತೋಟ ಇದ್ದವರು ಸೌದೆ ಕೊಳ್ಳುವುದುಂಟೇ? ಸೋಗೆ, ಎಡಮಟ್ಟೆ, ಹೊಂಬಾಳೆ, ಕೊಬ್ಬರಿ ಒಡೆದಾಗ ಉಳಿಯುವ ಚಿಪ್ಪು, ಎಲ್ಲ ಮನೆ ಬಾಗಿಲಲ್ಲೇ. ಅದಕ್ಕೇ ಸೌದೆ ಒಲೆಯನ್ನೇ ಸರಿಯಾಗಿ ಕಟ್ಟಿಸೋಣ ಎಂದೆ. ಮನೆಯವರೂ ಒಪ್ಪಿದರು.

ಫೆಬ್ರವರಿ 6, ಗುರುವಾರ

ಹಾಕಿಸುತ್ತಿರುವುದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ ‘ಅಸ್ತ್ರ’ ತಂಡ ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದಿತ್ತು. ಸುತ್ತಲ ಹಳ್ಳಿಗಳಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಆಯಲು ಹೆಂಗಸರು ಮಕ್ಕಳು ಎಷ್ಟು ಹೊತ್ತು ಅಲೆಯುತ್ತಾರೆ ಎಂದು ಮನೆಮನೆಗೂ ಹೋಗಿ ಲೆಕ್ಕ ಹಾಕಿದವರು ಅವರು. ನಮ್ಮ ಹೆಂಗಸರ ಬವಣೆ ನೋಡಿ ರೂಪಿಸಿದ ಒಲೆ ಎಂದೇ ನನಗೆ ಇದರ ಮೇಲೆ ಅಭಿಮಾನ.

ತೆರೆದ ಒಲೆಯಲ್ಲಿ ಉರಿಯ ಹತ್ತು ಪಾಲಿನಲ್ಲಿ ಒಂದು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು. ಇದರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಸೇರುತ್ತದೆ. ಉರಿಗೂಡು ಮುಚ್ಚಿರುತ್ತದೆ, ತಳದ ಕಬ್ಬಿಣದ ಜಾಲರಿಯಿಂದ ಗಾಳಿ ಮೇಲೇರುತ್ತದೆ, ಬೂದಿ ಕೆಳಗಿಳಿಯುತ್ತದೆ. ಮೊದಲ ಪಾತ್ರೆಯಿಂದ ಮಿಕ್ಕ ಕಾವು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಆಮೇಲೆ ಹೊಗೆ ಕೊಳವೆ ಹತ್ತುತ್ತದೆ. ಪಾತ್ರೆ ಬಾಯಿಗೆ ಬಿಗಿಯಾಗಿ ಕೂರಬೇಕು. ಅದಕ್ಕೆ ಮೇಸ್ತ್ರಿ ಅತ್ತೆಯ ಮುದ್ದೆ ತಪ್ಪಲೆಯನ್ನೇ ಇಸಿದುಕೊಂಡು ಸುತ್ತಳತೆ ತೆಗೆದರು.

ಫೆಬ್ರವರಿ 9, ಭಾನುವಾರ

“ಒಳಗಡೀಕೆ ಸಿಮೆಂಟ್ ಬ್ಯಾಡ ಕಣಕ್ಕ, ಕಾವಿಗೆ ಬಿರುಕು ಬಿಡ್ತೈತೆ” ಎಂದರು ಮೇಸ್ತ್ರಿ. ಕೆರೆಯ ಜೇಡಿಮಣ್ಣಿಗೆ ಮರಳು, ಭತ್ತದ ಹೊಟ್ಟು, ಸಗಣಿ ಸೇರಿಸಿ ತುಳಿದು ಕೊಳೆಹಾಕಿದ್ದರು. ಒಳಗೋಡೆ ಇಟ್ಟಿಗೆಯದು, ಹೊರಗಿನ ಕಟ್ಟು ಕರಿಕಲ್ಲಿನ ಚಪ್ಪಡಿ. ತುರುವೇಕೆರೆ ಗಂಗಾಧರೇಶ್ವರನ ಗುಡಿಯ ನಂದಿ ನೋಡಿದವರಿಗೆ ಕರಿಕಲ್ಲು ಎಷ್ಟು ನುಣುಪು ಬರುತ್ತದೆಂದು ಗೊತ್ತು. ನಮ್ಮದಕ್ಕೆ ಅಷ್ಟು ಹೊಳಪು ಬೇಕಿಲ್ಲ, ಒದ್ದೆಬಟ್ಟೆಯಲ್ಲಿ ಒರೆಸಿದಾಗ ಮಸಿ ಹೋದರೆ ಸಾಕು.

ಕಲ್ಲನ್ನು ಉರಿಗೂಡಿಗೆ ತಾಗಿಸಲಿಲ್ಲ. ನಡುವೆ ಎರಡು ಬೆರಳಗಲ ಸಂದು ಬಿಟ್ಟು ಜರಡಿ ಹಿಡಿದ ಒಣಬೂದಿ ತುಂಬಿದರು. ಒಳಗೋಡೆ ಕಾದು ಹಿಗ್ಗಿದರೂ ಕಲ್ಲನ್ನು ದೂಡುವುದಿಲ್ಲ, ಕಾವೂ ಹೊರಗೆ ಬರುವುದಿಲ್ಲ. ಮೂಲೆಯ ಚಪ್ಪಡಿ ಕೂಡದಿದ್ದಾಗ ಮೇಸ್ತ್ರಿ ಉಳಿಯಲ್ಲಿ ಒಂದೊಂದೇ ಚಕ್ಕೆ ಎಬ್ಬಿಸಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೂ ಬಿಡಲಿಲ್ಲ.

ಫೆಬ್ರವರಿ 14, ಶುಕ್ರವಾರ

ಹೊಗೆಕೊಳವೆ ಏರಿತು. ಅದರ ಬಾಯಿ ಸೂರಿನ ನೆತ್ತಿಗಿಂತ ಮೇಲಿರಬೇಕು. ಇಲ್ಲವಾದರೆ ಗಾಳಿ ಹೊಗೆಯನ್ನು ತಿರುಗಿ ಒಳಕ್ಕೆ ನೂಕುತ್ತದೆ. ಕೊಬ್ಬರಿ ಅಟ್ಟದ ಮೂಲಕ ಹಾಯುವ ಕಡೆ ಸುತ್ತ ಇಟ್ಟಿಗೆ ಗೂಡು ಕಟ್ಟಿಸಿ, ಕಾಯಿರಾಶಿ ದೂರ ಸರಿಸಿದೆವು.

“ಅಟ್ಟದ ಕಾಯಿಗೆ ಹೊಗೆ ತಾಗದಿದ್ರೆ ಕೊಬ್ರಿ ಚೆನ್ನಾಗಾಗುತ್ತೇನವ್ವ?” ಎಂದು ಅತ್ತೆ ಕೇಳಿದರು. ವರ್ಷದ ಹತ್ತಿರ ಅಟ್ಟದಲ್ಲಿ ಕಾಯುವ ಕಾಯಿಗೆ ಹೆಂಚಿನ ಕಾವು ಇದ್ದೇ ಇದೆ. “ನಿಮ್ಮ ಎದೆಗಿಂತ ಕೊಬ್ರಿ ಹೆಚ್ಚಾ ಅತ್ತೆ?” ಎಂದೆ. ಅವರು ಮಾತಾಡಲಿಲ್ಲ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ದಿನಾ ಸಣ್ಣ ಉರಿಯಲ್ಲಿ ಒಲೆ ಒಣಗಿಸಿದ್ದಾಯಿತು. ಇವತ್ತು ತಂಬಿಟ್ಟಿನ ಪಾಕ ಇದರಲ್ಲೇ. ಸೋಗೆ ಹೊತ್ತಿಸಿ ಎಡಮಟ್ಟೆ ಇಟ್ಟೆ, ಕೊನೆಗೆ ಒಂದು ಹಿಡಿ ಚಿಪ್ಪು. ಚಿಪ್ಪಿನ ಉರಿ ಬಲು ಜೋರು, ಒಟ್ಟಿಗೇ ಸುರಿಯಬಾರದು. ಅತ್ತೆ ಒಲೆ ಮುಂದೆ ಕೂತು ಬೆಲ್ಲ ಕರಗಿಸಿದರು. ಸೆರಗು ಕಣ್ಣಿಗೆ ಹೋಗಲಿಲ್ಲ.

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸೌದೆ ಉರಿಸುವ ಮನೆ ಇರುವ ತನಕ ಹೊಗೆ ಹೊರಗೆ ಹೋಗುವ ದಾರಿಯನ್ನು ಆ ಮನೆಯವರೇ ಮಾಡಬೇಕು. ಕೊಳವೆಯ ಮಸಿ ತಿಂಗಳಿಗೊಮ್ಮೆ ನಾನೇ ತೆಗೆಯುತ್ತೇನೆ. ಬೂದಿ ತೆಂಗಿನ ಪಾತಿಗೆ. ಅದರ ಪೊಟ್ಯಾಷ್ ಮರಕ್ಕೆ ಬೇಕೇ ಬೇಕು. ಸಂಜೆ ಪಕ್ಕದ ಮನೆಯ ಅಕ್ಕ ಬಂದು ಒಲೆ ನೋಡಿದರು. ಅಳತೆಯ ಚೀಟಿ ಕೊಟ್ಟಿದ್ದೇನೆ; ಯುಗಾದಿಗೆ ಮೊದಲೇ ಕಟ್ಟಿಕೊಡುವುದಾಗಿ ಮೇಸ್ತ್ರಿ ಒಪ್ಪಿದ್ದಾರೆ.