ಕೊನೆಯ ಸಾಲಿಗೂ ಕೇಳಬೇಕು

ಮುಂಬೈಗೆ ಬಂದ ಹೊಸತರಲ್ಲಿ ಒಪೆರಾ ಹೌಸ್ ಎಂದರೆ ನನಗೆ ಬಸ್ ಸ್ಟಾಪಿನ ಹೆಸರು, ಅಷ್ಟೇ. ಕಂಪ್ಯೂಟರ್ ಬಿಡಿಭಾಗ ಕೊಳ್ಳಲು ಚರ್ನಿ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗುವಾಗ ಆ ಕಟ್ಟಡದ ಪಕ್ಕದಲ್ಲೇ ನಡೆಯುತ್ತಿದ್ದೆ. ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

2005ರಲ್ಲಿ ಗದಗಿನಿಂದ ಬಂದ ಅಪ್ಪ ಅದರ ಗೇಟಿನ ಮುಂದೆ ನಿಂತುಬಿಟ್ಟರು.

"ಇದರೊಳಗ ಏನೈತೋ?"

"ನಾಟಕದ ಥಿಯೇಟರ್ ಅಂತಪ್ಪಾ. ಬಂದ್ ಆಗೇತಿ, ನಡೀರಿ."

ಅಪ್ಪ ಸಾಲಿ ಮಾಸ್ತರು. ಜಾತ್ರೆಯ ನಾಟಕದಲ್ಲಿ ಮೈಕು ಕೈಕೊಟ್ಟರೂ ಆಟ ನಿಲ್ಲಿಸಿದವರಲ್ಲ. ನನಗೆ ಅವತ್ತು ಅವಸರವಿತ್ತು.

ಕಥೆ ಗೊತ್ತಾದದ್ದು ಬಹಳ ತಡವಾಗಿ. ಕಲ್ಕತ್ತೆಯಲ್ಲಿ ನಾಟಕ ಕಂಪನಿಗಳನ್ನು ನಡೆಸುತ್ತಿದ್ದ ಮಾರಿಸ್ ಬ್ಯಾಂಡ್‌ಮನ್ ಮತ್ತು ಕಲ್ಲಿದ್ದಲು ದಲ್ಲಾಳಿ ಜಹಾಂಗೀರ್ ಫ್ರಾಮ್‌ಜಿ ಕರಾಕಾ ಸೇರಿ ಕಟ್ಟಿಸಿದ ರಂಗಮಂದಿರವಿದು. ಕೆಲಸ ಪೂರ್ತಿ ಮುಗಿಯುವ ಮೊದಲೇ, 1911ರಲ್ಲಿ, ಐದನೇ ಜಾರ್ಜ್ ದೊರೆಯಿಂದ ಉದ್ಘಾಟನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟೆಸ್ಟಿಂಗ್ ಮುಗಿಯದೆ ಗೋ-ಲೈವ್! ಬರೋಕ್ ಶೈಲಿಯ ಮುಂಭಾಗ, ಸಸೂನ್ ಮನೆತನ ಕೊಟ್ಟ ತೂಗುದೀಪಗಳು, ಚಿನ್ನದ ಬಣ್ಣದ ಅಂಚಿನ ಬಾಲ್ಕನಿಗಳು. ಧ್ವನಿವರ್ಧಕ ಇಲ್ಲದ ಕಾಲವಾದ್ದರಿಂದ, ವೇದಿಕೆಯ ಮಾತು ಮೇಲಿನ ಗ್ಯಾಲರಿಗೂ ಸ್ಪಷ್ಟವಾಗಿ ಕೇಳುವಂತೆ ಚಾವಣಿಗೇ ಆಕಾರ ಕೊಟ್ಟಿದ್ದರು.

ಇಲ್ಲಿ ಬಾಲಗಂಧರ್ವರು ಹಾಡಿದ್ದಾರೆ, ಪೃಥ್ವಿರಾಜ್ ಕಪೂರ್ ಅಭಿನಯಿಸಿದ್ದಾರೆ. ಬಾಲಗಂಧರ್ವರು ಬೆಳೆದದ್ದು ಕಿರ್ಲೋಸ್ಕರ್ ನಾಟಕ ಮಂಡಳಿಯಲ್ಲಿ; ಅದನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅಪ್ಪ ಗೇಟಿನ ಮುಂದೆ ನಿಂತದ್ದು ಪರಸ್ಥಳದಲ್ಲೇನೂ ಅಲ್ಲ.

ಮುಂದೆ ಸಿನಿಮಾ ಬಂತು, ನಾಟಕ ಹಿಂದೆ ಸರಿಯಿತು. 1952ರಲ್ಲಿ ಗೊಂಡಲ್ ರಾಜಮನೆತನ ಕೊಂಡುಕೊಂಡಿತು. 1993ರಲ್ಲಿ ಬಾಗಿಲು ಮುಚ್ಚಿತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ನೇತೃತ್ವದಲ್ಲಿ ಜೀರ್ಣೋದ್ಧಾರವಾಗಿ, 23 ವರ್ಷಗಳ ನಂತರ, 2016ರ ಅಕ್ಟೋಬರಿನಲ್ಲಿ ತೆರೆಯಿತು.

ಮರುವರ್ಷ ಅಪ್ಪನನ್ನು ಕರೆಸಿಕೊಂಡು ಒಂದು ಸಂಗೀತ ಕಾರ್ಯಕ್ರಮಕ್ಕೆ ಹೋದೆ. ಅಷ್ಟರಲ್ಲಿ ಅವರ ಕಿವಿ ಮಂದವಾಗಿತ್ತು. ಬಾಲ್ಕನಿಯಲ್ಲಿ ಕುಳಿತು ವೇದಿಕೆಗಿಂತ ಹೆಚ್ಚು ಚಾವಣಿಯನ್ನೇ ನೋಡುತ್ತಿದ್ದರು.

ಹೊರಗೆ ಬಂದಮೇಲೆ, "ಹಾಡು ಕೇಳಿಸ್ತೇನಪ್ಪಾ?" ಎಂದೆ. ಅವರು ಅದಕ್ಕೆ ಉತ್ತರಿಸದೆ, "ಚಾವಣಿ ಯಾಕ ಹಂಗ ಮಾಡ್ಯಾರ?" ಎಂದು ಕೇಳಿದರು. ಅವರ ಕಿವಿಯ ಹತ್ತಿರ ಬಗ್ಗಿ ವಿವರಿಸಿದೆ.

"ಹಾಡು ಅರ್ಧಾನ ಕೇಳಿಸ್ತು. ಆದ್ರ ಹಿಂದ ಕುಂತಾಂವಗೂ ಕೇಳಬೇಕಂತ ನೂರು ವರ್ಷದ ಹಿಂದ ಯಾರೋ ತಲಿ ಕೆಡಿಸಿಕೊಂಡಾರಲ್ಲ, ಅದು ದೊಡ್ಡದು."

ಸ್ವಲ್ಪ ಹೊತ್ತಾದ ಮೇಲೆ ಅಂದರು: "ನೀ ಫೋನಿನ್ಯಾಗ ಭಾಳ ಮೆಲ್ಲಗ ಮಾತಾಡ್ತಿ."

ಅಂದಿನವರೆಗೂ ನಾನು ಕಾಲ್‌ಗಳ ನಡುವೆ, ಲ್ಯಾಪ್‌ಟಾಪ್ ನೋಡುತ್ತಲೇ ಊರಿಗೆ ಫೋನ್ ಮಾಡುತ್ತಿದ್ದೆ. ಈಗ ಭಾನುವಾರ ಬೆಳಿಗ್ಗೆ ಬಾಲ್ಕನಿಗೆ ಹೋಗಿ, ಎದುರು ಫ್ಲ್ಯಾಟಿನವರಿಗೂ ಕೇಳುವಷ್ಟು ಜೋರಾಗಿ ಮಾತಾಡುತ್ತೇನೆ.