ಒಲೆ ಹಚ್ಚದ ಊಟ

ಪ್ರವಾಸ ಎಂದರೆ ಮಕ್ಕಳಿಗೆ ಕುಣಿದಾಟ, ಗಂಡಸರಿಗೆ ವಿಶ್ರಾಂತಿ. ಆದರೆ ಮನೆಯ ತಾಯಂದಿರಿಗೆ? ಬೆಳಗಿನ ಜಾವವೇ ಎದ್ದು ಪುಳಿಯೋಗರೆ ಕಲಸಬೇಕು, ಚಪಾತಿ ಸುಡಬೇಕು. ಹೋದಲ್ಲಿ ಮೂರು ಕಲ್ಲು ಜೋಡಿಸಿ ಒಲೆ ಹೂಡಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳಬೇಕು. ಉಳಿದವರೆಲ್ಲ ಬೆಟ್ಟ ನೋಡಿ ಬರುವಷ್ಟರಲ್ಲಿ ಅನ್ನ ಬೆಂದಿರಬೇಕು. ಅಡುಗೆಮನೆಯ ಜಾಗ ಬದಲಾಗುತ್ತದೆ, ಕೆಲಸ ಮಾತ್ರ ಅದೇ.

ಪಾಸ್ಕ ಹಬ್ಬ ಕಳೆದ ಮರುವಾರ ನಮ್ಮ ಮೂರು ಕುಟುಂಬಗಳು ರಾಯಕೋಟೆಗೆ ಹೊರಡುವ ಮಾತಾಯಿತು. ಆಗ ಮನೆಯ ಹೆಂಗಸರು ಒಂದೇ ಷರತ್ತು ಹಾಕಿದರು: "ಈ ಸಲ ಯಾರೂ ಒಲೆ ಹಚ್ಚಬಾರದು." ಹೋಟೆಲಿಗೆ ಹೋಗೋಣವೆಂದರೆ ನಾವು ತಂಗಬೇಕಾಗಿದ್ದುದು ಊರಾಚೆಯ ನೆಂಟರ ಮಾವಿನ ತೋಟದಲ್ಲಿ. ಕೊನೆಗೆ ಬೇಯಿಸದೆ ತಿನ್ನುವ ಪದಾರ್ಥಗಳನ್ನೂ ತಗಡಿನ ಡಬ್ಬಿಗಳ ಆಹಾರವನ್ನೂ ಒಯ್ಯುವುದೆಂದು ತೀರ್ಮಾನಿಸಿದೆವು. ಅಜ್ಜಿಗೆ ಇದು ಹಿಡಿಸಲಿಲ್ಲ. "ಒಲೆ ಹಚ್ಚದ ಮೇಲೆ ಅದು ಊಟವೇನ್ರಪ್ಪಾ? ಡಬ್ಬೀಲಿ ಯಾವ ಕಾಲದ್ದು ತುಂಬಿರ್ತಾರೋ!" ಎಂದರು.

ಅಜ್ಜಿಯ ಅನುಮಾನ ನಮ್ಮಲ್ಲಿ ಅನೇಕರಿಗಿದೆ. ವಾಸ್ತವವಾಗಿ ಡಬ್ಬಿಯ ಆಹಾರ ಹಸಿಯದಲ್ಲ, ಬೆಂದದ್ದೇ. ಕಾಳು, ಮೀನು ಮೊದಲಾದವನ್ನು ಡಬ್ಬಿಯಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಡದ ಹಬೆಗೆ ಇಡುತ್ತಾರೆ. ನಮ್ಮ ಕುಕ್ಕರಿನ ದೊಡ್ಡಣ್ಣನೆಂದುಕೊಳ್ಳಿ. ಕೆಡಿಸುವ ಜೀವಾಣುಗಳು ಒಳಗೇ ಸಾಯುತ್ತವೆ, ಹೊರಗಿನವು ಒಳಗೆ ಬರಲಾರವು. ಫ್ರಾನ್ಸಿನ ನಿಕೊಲಾ ಅಪೆರ್ ಎಂಬ ಮಿಠಾಯಿಗಾರ ಗಾಜಿನ ಶೀಶೆಗಳಲ್ಲಿ ಈ ವಿಧಾನವನ್ನು ಸಾಧಿಸಿ 1810ರಲ್ಲಿ ಪುಸ್ತಕ ಬರೆದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ಪಡೆದ. ನಮ್ಮ ಮೈಸೂರಿನಲ್ಲೇ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಹಿಮದ ಗಡಿಯಲ್ಲಿ ನಿಂತ ಯೋಧರಿಗಾಗಿ ಇಂಥ ಸಿದ್ಧ ಆಹಾರಗಳನ್ನು ರೂಪಿಸಿದೆ.

ಹೊಸೂರಿನಿಂದ ಸುಮಾರು 30 ಕಿ.ಮೀ. ದೂರದ ರಾಯಕೋಟೆ ಟೊಮೇಟೊ ಮಂಡಿಗೆ ಹೆಸರಾದ ಊರು. ಊರಿನ ನೆತ್ತಿಯ ಮೇಲೆ ಬಂಡೆಗಲ್ಲಿನ ಬೆಟ್ಟ, ಅದರ ಮೇಲೆ ಕೋಟೆ. 1791ರಲ್ಲಿ, ಟಿಪ್ಪುವಿನೊಂದಿಗಿನ ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ, ಮೇಜರ್ ಗೌಡಿಯ ಪಡೆ ಇದನ್ನು ಹಿಡಿಯಿತು. ಆ ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಲಂಬಾಣಿ ವರ್ತಕರು ಎತ್ತುಗಳ ಮೇಲೆ ದವಸ ಹೇರಿಕೊಂಡು ಬರುತ್ತಿದ್ದರು. ಎತ್ತು ಬಾರದಿದ್ದರೆ ಊಟವಿಲ್ಲ. ನಮ್ಮ ಚೀಲದಲ್ಲಿದ್ದ ಡಬ್ಬಿ ಅಂದಿನ ಸೇನಾಪತಿಗೂ ಸಿಕ್ಕಿರಲಿಲ್ಲ!

ಶುಕ್ರವಾರ ಸಂಜೆ ತೋಟಕ್ಕೆ ಬಂದೆವು. ಮರಗಳಲ್ಲಿ ಕಾಯಿ ಜೋತಾಡುತ್ತಿತ್ತು, ನೆಲದ ತುಂಬ ತರಗೆಲೆ. ಆಡು ಹೊಡೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬರು ನಮ್ಮ ಸಾಮಾನು ನೋಡಿ ನಿಂತರು. "ಬೆಂಕಿ ಮಾತ್ರ ಮಾಡ್ಬೇಡಿ ಸಾಮಿ. ಮಳೆ ಬರೋಗಂಟ ನಮ್ ಆಡಿಗೆ ಈ ಒಣಹುಲ್ಲೇ ಗತಿ" ಎಂದರು. ಒಲೆಯೇ ತಂದಿಲ್ಲವೆಂದಾಗ ಅವರ ಮುಖ ಅರಳಿತು. ಅದುವರೆಗೆ ಒಲೆ ಬೇಡವೆಂದದ್ದು ನಮ್ಮ ಹೆಂಗಸರ ಬಿಡುವಿಗಾಗಿ. ಇನ್ನೊಬ್ಬರ ಬದುಕೂ ಅದರಲ್ಲಿ ಅಡಗಿದೆಯೆಂಬುದು ಆಗ ತಿಳಿಯಿತು. 2018ರ ಮಾರ್ಚ್‌ನಲ್ಲಿ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡದ್ದನ್ನು ಮರೆಯಲಾದೀತೇ? ಬೇಸಿಗೆಯಲ್ಲಿ ಒಂದು ಕಿಡಿ ಸಾಕು.

ಅಂದಿನ ರಾತ್ರಿಯೂಟ ಹೀಗಿತ್ತು. ಟ್ಯೂನ ಮೀನಿನ ಡಬ್ಬಿ ತೆರೆದು, ಎಣ್ಣೆ ಬಸಿದು, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಬೆರೆಸಿ ನಿಂಬೆರಸ ಹಿಂಡಿದೆವು. ಬೇಕರಿಯಿಂದ ತಂದಿದ್ದ ಬನ್ನಿನ ನಡುವೆ ಇಟ್ಟರೆ ಮಕ್ಕಳಿಗೆ ಹಬ್ಬ. ಮೀನು ಬೇಡವೆಂದವರಿಗೆ ಡಬ್ಬಿಯ ಸ್ವೀಟ್ ಕಾರ್ನ್, ಅದಕ್ಕೆ ರಾಯಕೋಟೆಯದೇ ಟೊಮೇಟೊ ಮತ್ತು ಕಡ್ಲೆಪುರಿ. ಊರಿಂದ ಹೊರಡುವಾಗಲೇ ತೊಳೆದು ನೆನೆಹಾಕಿದ್ದ ಹೆಸರುಬೇಳೆ ದಾರಿಯಲ್ಲೇ ನೆನೆದಿತ್ತು. ನೀರು ಬಸಿದು, ಸೌತೆಕಾಯಿ ಮತ್ತು ತೋಟದ ಮಾವಿನಕಾಯಿ ತುರಿ ಸೇರಿಸಿದೊಡನೆ ಕೋಸಂಬರಿ ಸಿದ್ಧ.

ಬೆಳಿಗ್ಗೆ ರಾಗಿ ಹುರಿಹಿಟ್ಟು. ಮಿಲ್ಕ್‌ಮೇಡ್ ಡಬ್ಬಿಯ ಗಟ್ಟಿ ಹಾಲಿಗೆ ಕುಡಿಯುವ ನೀರು ಬೆರೆಸಿ, ಹಿಟ್ಟು ಕಲಸಿ, ಬಾಳೆಹಣ್ಣು ಹೆಚ್ಚಿ ಹಾಕಿದೆವು. ಬೆಟ್ಟಕ್ಕೆ ಒಯ್ದದ್ದು ತೆಳು ಅವಲಕ್ಕಿ, ಬೆಲ್ಲ, ಕಡಲೆಕಾಯಿ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅಲ್ಲಿ ತಂಗದೆ, ಬಿಸಿಲೇರುವ ಮುನ್ನ ಇಳಿದು ಬಂದೆವು. ಹುರಿಹಿಟ್ಟಿನ ಎರಡನೆಯ ಲೋಟ ಕೇಳಿದವರು ಅಜ್ಜಿಯೇ! "ಇದೇನು ಹೊಸದಲ್ಲ ಬಿಡ್ರಪ್ಪಾ. ನಮ್ಮಪ್ಪ ಗಾಡಿ ಕಟ್ಟಿಕೊಂಡು ಸಂತೆಗೆ ಹೋಗುವಾಗ ಇದನ್ನೇ ಗಂಟು ಕಟ್ಟುತ್ತಿದ್ದರು" ಎಂದರು. ನಿಜ, ಒಲೆ ಹಚ್ಚದ ಊಟ ನಮ್ಮ ಹಿರಿಯರಿಗೆ ತಿಳಿಯದ್ದೇನಲ್ಲ.

ಹೀಗೆ ಹೊರಡುವವರು ಕೆಲವು ಮಾತು ನೆನಪಿಡಬೇಕು. ಉಬ್ಬಿದ, ಸೋರುವ, ತುಕ್ಕು ತಿಂದ, ಅಂಚಿನಲ್ಲಿ ಜಜ್ಜಿಹೋದ ಡಬ್ಬಿಯನ್ನು ಕೊಳ್ಳಬೇಡಿ. ಉಬ್ಬಿದ ಡಬ್ಬಿಯೊಳಗೆ ಪ್ರಾಣಾಪಾಯ ತರುವ ವಿಷ ಇರಬಹುದು, ರುಚಿ ನೋಡುವ ಸಾಹಸವೂ ಬೇಡ. ದಿನಾಂಕ ಓದಿ. ಡಬ್ಬಿ ತೆರೆಯುವ ಸಾಧನ ಮರೆಯಬೇಡಿ. ತೆರೆದದ್ದನ್ನು ಆ ಹೊತ್ತಿಗೇ ಮುಗಿಸಿ, ಬೇಸಿಗೆಯಲ್ಲಿ ಮುಂದಿನ ಊಟಕ್ಕೆ ಇಡಬೇಡಿ. ಚಿಕ್ಕ ಡಬ್ಬಿ ಕೊಂಡರೆ ಉಳಿಯುವುದಿಲ್ಲ. ಡಬ್ಬಿಯ ಕಾಳಿನಲ್ಲಿ ಉಪ್ಪು ಹೆಚ್ಚು, ಬಿ.ಪಿ. ಇರುವವರಿಗೆ ಒಮ್ಮೆ ತೊಳೆದು ಕೊಡಿ. ಅವಲಕ್ಕಿ, ಕೋಸಂಬರಿಗೆ ಶುದ್ಧ ನೀರೇ ಇರಲಿ. ಹೊಸೂರಿನ ಕಾಡಂಚಿನಲ್ಲಿ ಆನೆಗಳು ಓಡಾಡುತ್ತವೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡೊಳಗೆ ತಂಗಬೇಡಿ, ತಿಂಡಿಯನ್ನು ಹೊರಗೆ ಬಿಡಬೇಡಿ.

ಎಲ್ಲಕ್ಕಿಂತ ಮುಖ್ಯವಾದುದು ಖಾಲಿ ಡಬ್ಬಿ. ಅದರ ಅಂಚು ಕತ್ತಿಯಂತಿರುತ್ತದೆ. ಬಿಸಾಡಿದರೆ ಆ ಮುದುಕಿಯ ಆಡಿನ ಕಾಲೋ ಬಾಯೋ ಸೀಳುತ್ತದೆ. ಮುಚ್ಚಳವನ್ನು ಒಳಗೆ ಮಡಚಿ, ಕಾಗದದಲ್ಲಿ ಸುತ್ತಿ ಮನೆಗೇ ತನ್ನಿ, ಗುಜರಿಯವರು ಕೊಳ್ಳುತ್ತಾರೆ. ಯೇಸುಸ್ವಾಮಿ ಐದು ರೊಟ್ಟಿ ಎರಡು ಮೀನುಗಳಿಂದ ಜನರನ್ನು ಹುಲ್ಲಿನ ಮೇಲೆ ಕೂರಿಸಿ ಉಣಿಸಿದರು. ಅಲ್ಲಿಯೂ ಯಾರೂ ಒಲೆ ಹಚ್ಚಲಿಲ್ಲ, ಊಟವಾದ ಮೇಲೆ ಉಳಿದ ತುಂಡುಗಳನ್ನೆಲ್ಲ ಬುಟ್ಟಿಗೆ ತುಂಬಿಸಿದರು. ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ ಡಬ್ಬಿ ಆಯುವುದಕ್ಕೆ ಪೈಪೋಟಿಯೇ ನಡೆಯಿತು.

ಮುಂದಿನ ರಜೆಗೆ ನೀವೂ ಪ್ರಯತ್ನಿಸಿ ನೋಡಿ. ದೊಡ್ಡ ಪಾತ್ರೆ ಮನೆಯಲ್ಲೇ ಇರಲಿ, ಅದನ್ನು ತಿಕ್ಕುವ ಕೈಗಳು ಒಂದು ದಿನ ಬೆಟ್ಟ ಹತ್ತಲಿ.